ಊರು, ಪಂಚಾಯಿತಿ, ಕಚೇರಿ: ಮೂವರ ನಡುವೆ ಗಟ್ಟಿ ಸಂಬಂಧ ಬೆಳೆಸುವುದು ಹೇಗೆ? ಕಲಬುರಗಿ ಸೀಮೆಗೊಂದು ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿಯ ಹಳ್ಳಿಗಳಿಗೆ ಯೋಜನೆಗಳ ಹೆಸರು ಹೊಸದಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 ಜೆ ವಿಧಿ ಬಂದು ದಶಕ ದಾಟಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಕಲಬುರಗಿಯಲ್ಲೇ ಇದೆ. ಪಂಚಾಯಿತಿಗೆ ಹಣಕಾಸು ಆಯೋಗದ ಅನುದಾನ ಬರುತ್ತದೆ. ಆದರೂ ಎಷ್ಟೋ ಊರುಗಳಲ್ಲಿ ನೀರಿನ ಟಾಕಿ ಎದ್ದು ನಿಂತಿದೆ, ನಳದಲ್ಲಿ ನೀರಿಲ್ಲ. ಶಾಲೆಗೆ ಹೊಸ ಕೋಣೆ ಬಂದಿದೆ, ಅದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಮಾಸ್ತರರಿಗೇ ಗೊತ್ತಿಲ್ಲ.

ಇಂಥ ಕಡೆಯಲ್ಲೆಲ್ಲ ದುಡ್ಡಿನ ಕೊರತೆ ಒಂದು ಕಾರಣ ಇರಬಹುದು. ಆದರೆ ನಾನು ಹೆಚ್ಚಾಗಿ ನೋಡಿದ್ದು ಬೇರೆ. ಊರಿನವರು, ಪಂಚಾಯಿತಿಯವರು, ಇಲಾಖೆಯವರು ಒಬ್ಬರಿಗೊಬ್ಬರು ಎದುರಾಗುವುದೇ ಕೆಲಸ ಕೆಟ್ಟ ದಿನ. ಅವತ್ತು ಎಲ್ಲರಿಗೂ ಸಿಟ್ಟು. ಮಾತಿಗೆ ಮಾತು ಬೆಳೆಯುತ್ತದೆ, ಕೆಲಸ ಅಲ್ಲೇ ನಿಲ್ಲುತ್ತದೆ. ಮೊದಲು ಊರು ತನ್ನೊಳಗೆ ಮಾತಾಡಿ ಒಂದಾಗಬೇಕು, ಆಮೇಲೆ ಕಚೇರಿಯ ಮೆಟ್ಟಿಲು ಹತ್ತಬೇಕು. ಈ ಬರಹದ ತಿರುಳು ಇಷ್ಟೇ. ಅದನ್ನು ಮಾಡುವ ದಾರಿ ಮಾತ್ರ ಸ್ವಲ್ಪ ಉದ್ದ.

ಇದು ಯಾರಿಗೆ? ಊರಿಗೆ ಏನಾದರೂ ಆಗಬೇಕು ಅಂತ ಓಡಾಡುವ ಯುವಕರಿಗೆ, ಸ್ವಸಹಾಯ ಸಂಘದ ಅಕ್ಕಂದಿರಿಗೆ, ಶಾಲಾಭಿವೃದ್ಧಿ ಸಮಿತಿಯವರಿಗೆ, ನಿವೃತ್ತ ಮಾಸ್ತರರಿಗೆ. ಹೊಸದಾಗಿ ಬಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೂ (ಪಿಡಿಒ) ಓದಲಿ ಅನ್ನುವ ಆಸೆ ಇದೆ. ಉದಾಹರಣೆಗೆ ಒಂದೇ ವಿಷಯ ಹಿಡಿದಿದ್ದೇನೆ: ಊರಲ್ಲಿ ನೀರಿದೆ, ಪಕ್ಕದ ಲಂಬಾಣಿ ತಾಂಡಾಕ್ಕೆ ನೀರು ಏರುವುದಿಲ್ಲ. ರಸ್ತೆ, ಶಾಲೆ, ಸ್ಮಶಾನ, ಬಸ್ಸು, ಯಾವುದಕ್ಕಾದರೂ ದಾರಿ ಇದೇ.

1. ಮೊದಲು ಕಣ್ಣಾರೆ ನೋಡಿ

"ನೀರಿಲ್ಲ" ಅನ್ನುವ ಮಾತಿನಿಂದ ಕಚೇರಿಯಲ್ಲಿ ಏನೂ ಹುಟ್ಟುವುದಿಲ್ಲ. ಎಲ್ಲಿ ಇಲ್ಲ, ಯಾವಾಗ ಇಲ್ಲ, ಯಾಕೆ ಇಲ್ಲ ಅಂತ ತಿಳಿದಿರಬೇಕು. ಅದಕ್ಕೆ ಒಂದು ಬೆಳಗಿನ ಜಾವ ವಾಟರ್‌ಮನ್ ಜೊತೆ ನಡೆಯಿರಿ.

ಅವನು ಬೋರಿನ ಮೋಟರ್ ಚಾಲೂ ಮಾಡುವಾಗ ನಿಂತು ನೋಡಿ. ಕರೆಂಟು ಎಷ್ಟು ಹೊತ್ತಿಗೆ ಬಂತು, ಟಾಕಿ ತುಂಬಲು ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳಿ. ಆಮೇಲೆ ಅವನು ವಾಲ್ವ್ ತಿರುಗಿಸುತ್ತಾ ಹೋಗುತ್ತಾನೆ. ಯಾವ ಓಣಿಗೆ ಮೊದಲು ಬಿಡುತ್ತಾನೆ, ಯಾವುದಕ್ಕೆ ಕೊನೆಗೆ? ವಾಲ್ವ್ ಗುಂಡಿಯಲ್ಲಿ ನೀರು ನಿಂತಿದೆಯಾ? ಯಾರಾದರೂ ನಳಕ್ಕೇ ಮೋಟರ್ ಹಚ್ಚಿದ್ದಾರಾ? ತಾಂಡಾ ದಿನ್ನೆ ಮೇಲಿದ್ದರೆ, ಕೆಳಗಿನ ಓಣಿಯ ನಳ ಬಂದ್ ಆಗುವವರೆಗೆ ಮೇಲೆ ಹನಿಯೂ ಏರುವುದಿಲ್ಲ. ಇದು ಯಾವ ಕಡತದಲ್ಲೂ ಇರುವುದಿಲ್ಲ. ವಾಟರ್‌ಮನ್ ತಲೆಯಲ್ಲಿ ಇರುತ್ತದೆ. ಅವನನ್ನು ಯಾರೂ ಕೇಳಿರುವುದಿಲ್ಲ, ಎಲ್ಲರೂ ಬೈದಿರುತ್ತಾರೆ ಅಷ್ಟೇ.

ಕಡೇ ಮನೆಯಲ್ಲಿ ಒಂದು ಬಿಂದಿಗೆ ತುಂಬಲು ಎಷ್ಟು ನಿಮಿಷ ಬೇಕು ಅಂತ ಅಳೆಯಿರಿ. ಜಲಜೀವನ್ ಮಿಷನ್ 2019ರಲ್ಲಿ ಶುರುವಾದಾಗ ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನುವ ಲೆಕ್ಕ ಇಟ್ಟಿದೆ. ಐದು ಜನರ ಮನೆಗೆ 275 ಲೀಟರ್ ಆಯಿತು. ನಿಮ್ಮ ತಾಂಡಾದ ಮನೆಗೆ ಎಷ್ಟು ಸಿಗುತ್ತಿದೆ? ಈ ಒಂದು ಅಂಕಿ ಹತ್ತು ಭಾಷಣಕ್ಕೆ ಸಮ. ನೀರು ಕುಡಿಯಲು ಯೋಗ್ಯವಾ ಅಂತಲೂ ನೋಡಿ. ಅದೇ ಮಿಷನ್ ಅಡಿ ಹಳ್ಳಿಯ ಹೆಣ್ಣುಮಕ್ಕಳಿಗೆ ಫೀಲ್ಡ್ ಕಿಟ್‌ನಿಂದ ನೀರು ಪರೀಕ್ಷೆ ಮಾಡುವ ತರಬೇತಿ ಕೊಡುವ ವ್ಯವಸ್ಥೆ ಇದೆ. ನಿಮ್ಮೂರಲ್ಲಿ ತರಬೇತಿ ಪಡೆದವರು ಯಾರು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಪಂಚಾಯಿತಿಯಲ್ಲಿ ಕಿಟ್ ಮೂಲೆಗೆ ಬಿದ್ದಿದ್ದರೆ ಹೊರಗೆ ತೆಗೆಸಿ.

ಇದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ. ಎರಡನೇ ಹಾಳೆ ಬೇಡ. ಜಾಸ್ತಿ ಬರೆದರೆ ಯಾರೂ ಓದುವುದಿಲ್ಲ.

2. ಯಾರ ಕೈಯಲ್ಲಿ ಏನಿದೆ ಅಂತ ತಿಳಿದುಕೊಳ್ಳಿ

ಜನ ಚಪ್ಪಲಿ ಸವೆಸುವುದು ಬಹಳ ಮಟ್ಟಿಗೆ ಇಲ್ಲೇ. ತಹಶೀಲ್ದಾರರ ಕಚೇರಿಗೆ ಹೋಗಿ ನಳದ ಬಗ್ಗೆ ಕೇಳುತ್ತಾರೆ, ಪಿಡಿಒ ಹತ್ತಿರ ಹೋಗಿ ಪಹಣಿ ತಿದ್ದುಪಡಿ ಕೇಳುತ್ತಾರೆ.

ಸರ್ಕಾರದ ಏಣಿ ಎರಡಿವೆ. ಒಂದು ಕಂದಾಯದ್ದು: ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಮ್ಮ ಹಳೆಯ ತಲಾಟಿ, ಆಮೇಲೆ ಕಂದಾಯ ನಿರೀಕ್ಷಕ, ತಹಶೀಲ್ದಾರ, ಸಹಾಯಕ ಆಯುಕ್ತ, ಜಿಲ್ಲಾಧಿಕಾರಿ. ಜಮೀನು, ಪಹಣಿ, ಪಿಂಚಣಿ, ಒತ್ತುವರಿ, ಬೆಳೆ ಪರಿಹಾರ ಈ ಏಣಿಯಲ್ಲಿ. ಇನ್ನೊಂದು ಪಂಚಾಯತ್ ರಾಜ್‌ನದು: ಪಿಡಿಒ, ತಾಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ), ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ). ನೀರು, ಬೀದಿ ದೀಪ, ಚರಂಡಿ, ಉದ್ಯೋಗ ಖಾತರಿ ಕೆಲಸ ಇಲ್ಲಿ. ಈ ಎರಡರ ಪಕ್ಕದಲ್ಲಿ ಇಲಾಖೆಗಳು. ನೀರಿನ ವಿಷಯಕ್ಕೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಎಂಜಿನಿಯರು, ಕರೆಂಟಿಗೆ ಜೆಸ್ಕಾಂ.

ಕೆರೆಯ ಉದಾಹರಣೆ ನೋಡಿ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹಾಯುವ ಜಮೀನು, 40 ಹೆಕ್ಟೇರಿನ ಒಳಗಿದ್ದರೆ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರುತ್ತದೆ. 40ರಿಂದ 2000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆ. ಇಷ್ಟು ಗೊತ್ತಿಲ್ಲದೆ ಹೂಳೆತ್ತುವ ಅರ್ಜಿ ಹಿಡಿದು ಎರಡು ವರ್ಷ ತಪ್ಪು ಕಚೇರಿಯ ಬಾಗಿಲಲ್ಲಿ ನಿಲ್ಲುವ ಊರುಗಳಿವೆ.

ಕುರ್ಚಿಯಲ್ಲಿ ಕೂತವರ ಪಟ್ಟಿ ಇದಾಯಿತು. ಕುರ್ಚಿ ಇಲ್ಲದವರ ಪಟ್ಟಿ ಇದಕ್ಕಿಂತ ಮುಖ್ಯ. ಬೋರು ಯಾರ ಹೊಲದಲ್ಲಿದೆ? ಪೈಪು ಯಾರ ಜಾಗದಲ್ಲಿ ಹಾಯಬೇಕು? ಗುತ್ತಿಗೆದಾರ ಯಾರು, ಅವನ ಬಿಲ್ಲು ಬಾಕಿ ಇದೆಯಾ? ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಅಧ್ಯಕ್ಷೆ ಯಾರು? ತಾಂಡಾದ ನಾಯಕ, ಕಾರಬಾರಿ ಏನನ್ನುತ್ತಾರೆ? ಕಡೇ ಮನೆಯಲ್ಲಿ ನೀರು ಹೊರುವ ಹೆಣ್ಣುಮಗಳು ಯಾರು? ಪ್ರತಿ ಹೆಸರಿನ ಮುಂದೆ ಎರಡು ಸಾಲು ಬರೆಯಿರಿ: ಈ ಕೆಲಸದಿಂದ ಇವರಿಗೆ ಏನು ಸಿಗುತ್ತದೆ, ಏನು ಹೋಗುತ್ತದೆ. ಬೋರಿಗೆ ಜಾಗ ಕೊಟ್ಟ ರೈತನಿಗೆ ತನ್ನ ಬೋರು ಬತ್ತುವ ಹೆದರಿಕೆ ಇರುತ್ತದೆ. ಅದು ಹುಸಿ ಹೆದರಿಕೆ ಏನಲ್ಲ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋದರೆ ಒಂದು ದಿನ ಅವನು ಪೈಪಿಗೆ ಅಡ್ಡ ಕೂರುತ್ತಾನೆ.

3. ಊರೊಳಗೆ ಮಾತಾಡಿ, ಆತುರ ಬೇಡ

ಈ ಹಂತವನ್ನು ಹೆಚ್ಚಿನವರು ಹಾರಿಸುತ್ತಾರೆ. ನಾಲ್ಕು ಜನ ಗೆಳೆಯರು ಸೇರಿ ಮನವಿ ಬರೆದು, ಫೋಟೋ ತೆಗೆಸಿಕೊಂಡು, ಪೇಪರಿಗೆ ಕೊಟ್ಟು ಮುಗಿಸುತ್ತಾರೆ. ಆಮೇಲೆ ಅಧಿಕಾರಿ ಊರಿಗೆ ಬಂದಾಗ ಇನ್ನೊಂದು ಗುಂಪು "ನಮ್ಮನ್ನ ಯಾರ ಕೇಳ್ಯಾರ?" ಅನ್ನುತ್ತದೆ. ಅಧಿಕಾರಿ ಜೀಪು ಹತ್ತಿ ಹೋಗುತ್ತಾರೆ. ಹೋಗಲು ಅವರಿಗೂ ಒಳ್ಳೆಯ ನೆಪ ಸಿಕ್ಕಿತು.

ಮೊದಲು ಜಾಗ. ನಮ್ಮ ಕಡೆ ಸಭೆ ಅಂದರೆ ಹನುಮಾನ್ ಗುಡಿ ಕಟ್ಟೆ. ಆ ಕಟ್ಟೆ ಮೇಲೆ ಹೆಣ್ಣುಮಕ್ಕಳು ಕೂರುವುದಿಲ್ಲ. ಕೆಲವು ಊರಲ್ಲಿ ದಲಿತ ಕೇರಿಯವರು ಇವತ್ತಿಗೂ ದೂರ ನಿಂತೇ ಕೇಳುತ್ತಾರೆ. ದೂರ ನಿಂತವರು ಬಾಯಿ ಬಿಡುವುದಿಲ್ಲ. ಅದಕ್ಕೇ ಸಭೆಯನ್ನು ಶಾಲೆಯಲ್ಲಿ ಅಥವಾ ಅಂಗನವಾಡಿಯಲ್ಲಿ ಇಡಿ. ಒಂದು ಸಭೆ ತಾಂಡಾದಲ್ಲೇ ಆಗಲಿ. ಎಲ್ಲರಿಗೂ ಒಂದೇ ಎತ್ತರದ ಆಸನ, ಕೆಳಗಾದರೆ ಎಲ್ಲರೂ ಕೆಳಗೆ. ಗೌಡರಿಗೆ ಕುರ್ಚಿ, ಉಳಿದವರಿಗೆ ಜಮಖಾನೆ ಅಂತಾದರೆ ಅಲ್ಲಿ ಮಾತಾಡುವವರು ಯಾರು ಅಂತ ಆಗಲೇ ತೀರ್ಮಾನವಾಗಿರುತ್ತದೆ.

ಆಮೇಲೆ ಕಾಲ. ತೊಗರಿ ಕೊಯ್ಲು ನಡೆಯುವ ಡಿಸೆಂಬರ್, ಜನವರಿಯಲ್ಲಿ ಹಗಲು ಸಭೆ ಕರೆದರೆ ಬರುವವರು ಕೂಲಿಗೆ ಹೋಗಲಾಗದ ಮುದುಕರು ಮಾತ್ರ. ಎಳ್ಳ ಅಮಾವಾಸ್ಯೆಗೆ ಊರಿಗೆ ಊರೇ ಹೊಲದಲ್ಲಿ ಇರುತ್ತದೆ. ತಾಂಡಾದ ಎಷ್ಟೋ ಮನೆಗಳವರು ದುಡಿಯಲು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೋಗಿರುತ್ತಾರೆ. ಕಬ್ಬು ಕಡಿಯಲು ಹೋದವರು ತಿಂಗಳುಗಟ್ಟಲೆ ಬರುವುದಿಲ್ಲ. ದೀಪಾವಳಿಗೆ, ಹೋಳಿ ಹಬ್ಬಕ್ಕೆ ತಾಂಡಾ ತುಂಬಿರುತ್ತದೆ. ಆ ವಾರದಲ್ಲೇ ಒಂದು ಸಂಜೆ ಕೂರಿ. ಬರಲಾಗದವರಿಗೆ ಫೋನ್ ಹಚ್ಚಿ ಕೇಳಿ. ಊರಲ್ಲಿ ಇಲ್ಲ ಅಂದ ಮಾತ್ರಕ್ಕೆ ಅವರ ಮನೆಗೆ ನಳ ಬೇಡ ಅಂತಲ್ಲ.

ಇನ್ನು ಭಾಷೆ. ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್, ಸೇಡಂ ಕಡೆ ತೆಲುಗು, ಎಲ್ಲ ಕಡೆ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಅಜ್ಜಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಸಿಟ್ಟು ಬಂದಾಗ, ನೋವು ಹೇಳುವಾಗ ಮಾತು ಹೊರಡುವುದು ಅವಳ ಮನೆ ಮಾತಲ್ಲೇ. ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತು ಕನ್ನಡಕ್ಕೆ ತಂದು ಬರೆದುಕೊಳ್ಳಲಿ. ಕಾಲೇಜಿಗೆ ಹೋಗುವ ಹುಡುಗಿಯರು ಈ ಕೆಲಸ ಚೆನ್ನಾಗಿ ಮಾಡುತ್ತಾರೆ.

ಸಭೆಯಲ್ಲಿ ಜಗಳ ಬರುತ್ತದೆ, ಬರಲಿ. "ತಾಂಡಾದವರಿಗಿ ನೀರ್ ಬಿಟ್ರ ನಮ್ಮ ಓಣಿಗಿ ಕಮ್ಮಿ ಆಗ್ತದ" ಅಂತ ಒಬ್ಬರು ಅನ್ನುತ್ತಾರೆ. ಆ ಮಾತು ಇಲ್ಲೇ ಬರುವುದು ಒಳ್ಳೆಯದು. ಪೈಪು ಹಾಕಿದ ಮೇಲೆ ರಾತ್ರಿ ವಾಲ್ವ್ ಮುರಿಯುವ ರೂಪದಲ್ಲಿ ಬಂದರೆ ಕಷ್ಟ. ನಿಮ್ಮ ಒಂದೇ ಹಾಳೆಯ ಲೆಕ್ಕವನ್ನು ಮುಂದಿಡಿ. ಟಾಕಿಯ ನೀರು ಇಷ್ಟು, ಸೋರಿ ಹೋಗುವುದು ಇಷ್ಟು, ಸೋರಿಕೆ ನಿಂತರೆ ಇಬ್ಬರಿಗೂ ಸಿಗುತ್ತದೆ. ಎಲ್ಲರೂ ಒಪ್ಪಬೇಕು ಅಂತ ಕಾಯಬೇಡಿ. ಒಪ್ಪದವರ ಹೆಸರು, ಅವರ ಕಾರಣ ಎರಡನ್ನೂ ಬರೆದುಕೊಳ್ಳಿ. ತನ್ನ ಮಾತನ್ನು ಪುಸ್ತಕದಲ್ಲಿ ಬರೆದರು ಅಂತ ಗೊತ್ತಾದರೆ ವಿರೋಧಿಸುವವನೂ ಮುಂದಿನ ಸಭೆಗೆ ಬರುತ್ತಾನೆ.

4. ವಾರ್ಡ್ ಸಭೆ, ಗ್ರಾಮ ಸಭೆಯನ್ನು ಬಿಟ್ಟುಕೊಡಬೇಡಿ

ಓಣಿಯ ಮಾತುಕತೆಗೆ ಕಾನೂನಿನ ಬಲ ಸಿಗುವುದು ಇಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಸದಸ್ಯರೇ. ಗ್ರಾಮ ಸಭೆಗೆ ಹತ್ತರಲ್ಲಿ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಜನ ಇದ್ದರೆ ಕೋರಂ. ವಾರ್ಡಿನ ಹತ್ತರಲ್ಲೊಂದು ಪಾಲು ಮತದಾರರು ವಿಷಯ ಬರೆದು ಕೇಳಿದರೆ ವಿಶೇಷ ವಾರ್ಡ್ ಸಭೆಯನ್ನೂ ಕರೆಯಬೇಕಾಗುತ್ತದೆ.

ಸಭೆಯೇ ನಡೆಯದೆ ಮನೆ ಮನೆಗೆ ಪುಸ್ತಕ ಬಂದು ಸಹಿ ಹಾಕಿಸಿಕೊಂಡು ಹೋಗುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಕೂತು ಮಾತಾಡದ ಸಭೆಗೆ ಸಹಿ ಹಾಕಬೇಡಿ. ಜಗಳ ಮಾಡದೆ ಹೇಳಿ: "ಸಭಾ ಇಡ್ರಿ, ಎಲ್ಲರೂ ಬರ್ತೀವಿ, ಅಲ್ಲೇ ಸಹಿ ಮಾಡ್ತೀವಿ."

ಸಭೆಯಲ್ಲಿ ಕೇಳಬೇಕಾದ್ದು ಸ್ಪಷ್ಟವಾಗಿರಲಿ. ನಿಮ್ಮ ಕೆಲಸ ಠರಾವಿನಲ್ಲಿ, ಅಂದರೆ ಸಭೆಯ ನಿರ್ಣಯದಲ್ಲಿ, ಬರಬೇಕು, ಆ ಠರಾವು ಪಂಚಾಯಿತಿಯ ವಾರ್ಷಿಕ ಯೋಜನೆಗೆ ಸೇರಬೇಕು. ಅಕ್ಟೋಬರ್ 2ರ ಸುಮಾರಿಗೆ ಮುಂದಿನ ವರ್ಷದ ಯೋಜನೆ ತಯಾರಿ ಶುರುವಾಗುತ್ತದೆ. ಮಾರ್ಚಿನಲ್ಲಿ ಹೋಗಿ ಕೇಳಿದರೆ ತಡವಾಗಿ ಹೋಗಿರುತ್ತದೆ. ಠರಾವಿನ ನಕಲು ಕೈಗೆ ಬರುವವರೆಗೆ ಕೆಲಸ ಆಯಿತು ಅಂತ ತಿಳಿಯಬೇಡಿ.

5. ಪಿಡಿಒ ಜೊತೆ ಮೊದಲ ಭೇಟಿ

ಮೂರು ನಾಲ್ಕು ಜನ ಹೋಗಿ. ಇಪ್ಪತ್ತು ಜನ ಹೋದರೆ ಅದು ಮುತ್ತಿಗೆ ಆಗುತ್ತದೆ. ಆ ನಾಲ್ವರಲ್ಲಿ ತಾಂಡಾದ ಒಬ್ಬ ಹೆಣ್ಣುಮಗಳು ಇರಲೇಬೇಕು. ಮೊದಲೇ ಫೋನ್ ಮಾಡಿ, ಯಾವ ಹೊತ್ತಿಗೆ ಬರಲಿ ಅಂತ ಕೇಳಿ. ತಾಲೂಕಿನಲ್ಲಿ ಮೀಟಿಂಗ್ ಇರುವ ದಿನ ಪಿಡಿಒ ಸಿಗುವುದಿಲ್ಲ. ಬೇಸಿಗೆಯಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬದಲಾಗುತ್ತದೆ ಅನ್ನುವುದು ನೆನಪಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಎರಡು ಗಂಟೆಗೆ ಬಸ್ ಇಳಿದರೆ ಬೀಗ ನೋಡಿಕೊಂಡು ಬರಬೇಕಾಗುತ್ತದೆ. ಹಾರ, ಶಾಲು, ಸನ್ಮಾನ ಏನೂ ಬೇಡ.

ಮೊದಲ ಮಾತು ಹೇಗಿರಬೇಕು? "ನೀರಿಲ್ಲ, ನೀವೇನ್ ಮಾಡ್ಲಕತ್ತೀರಿ?" ಅಂದರೆ ಎದುರಿನವರು ತಮ್ಮನ್ನು ಉಳಿಸಿಕೊಳ್ಳುವ ಮಾತಿಗೆ ಇಳಿಯುತ್ತಾರೆ. ಅದರ ಬದಲು ಹೀಗೆ ಹೇಳಿ ನೋಡಿ:

"ಮೇಡಂ, ಟಾಕಿ ದಿನಾ ತುಂಬ್ತದ್ರಿ. ಆದ್ರ ತಾಂಡಾದ ಕಡೀ ಮನಿಗುಳಿಗಿ ನೀರ್ ಏರಲ್ಲ. ಅಗಸಿ ಬಾಜೂಕಿನ ವಾಲ್ವ್ ಸೋರ್ಲಕತ್ತದ. ನಾವೇ ನಿಂತು ನೋಡೀವಿ, ಇದರಾಗ ಬರದೀವಿ. ಇದರಾಗ ನಿಮ್ಮ ಕೈಲಿ ಎಷ್ಟು ಆಗ್ತದ, ಮ್ಯಾಲಿನವರಿಗಿ ಎಷ್ಟು ಬರೀಬೇಕು, ಹೇಳ್ರಿ."

ಹೀಗೆ ಕೇಳಿದಾಗ ಪಿಡಿಒ ಸಾಮಾನ್ಯವಾಗಿ ಎದ್ದು ಕಡತ ತೆಗೆಯುತ್ತಾರೆ. ವಾಲ್ವ್ ದುರಸ್ತಿ ಪಂಚಾಯಿತಿಯಿಂದಲೇ ಆಗಬಹುದು. ಹೊಸ ಪೈಪ್‌ಲೈನಿಗೆ ಅಂದಾಜು ಪಟ್ಟಿ ಮಾಡಿಸಲು ಎಂಜಿನಿಯರು ಬೇಕು. ಅವರ ಕೈಯಲ್ಲಿ ಇಲ್ಲದ್ದಕ್ಕೆ ಅವರನ್ನು ಬೈದರೆ ಆಗುವ ಕೆಲಸವೂ ಕೆಡುತ್ತದೆ. ಒಬ್ಬ ಪಿಡಿಒ ಮೇಲೆ ಎಷ್ಟು ಯೋಜನೆ, ಎಷ್ಟು ವರದಿ, ಎಷ್ಟು ಊರುಗಳ ಹೊರೆ ಇದೆ ಅಂತ ಒಮ್ಮೆ ಕೇಳಿ ತಿಳಿದುಕೊಳ್ಳಿ. ಕೇಳಿದವರನ್ನು ಅವರು ಮರೆಯುವುದಿಲ್ಲ.

ಹೊರಡುವ ಮುಂಚೆ ಪತ್ರ ಕೊಡಿ. ಹೀಗೆ ಬರೆದರೆ ಸಾಕು:

ಇವರಿಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, (ಊರಿನ ಹೆಸರು) ಗ್ರಾಮ ಪಂಚಾಯಿತಿ.
ವಿಷಯ: ತಾಂಡಾದ ಕೊನೆಯ ಮನೆಗಳಿಗೆ ಕುಡಿಯುವ ನೀರು ತಲುಪಿಸುವ ಬಗ್ಗೆ.
ಮಾನ್ಯರೇ, ದಿನಾಂಕ ____ ರ ವಾರ್ಡ್ ಸಭೆಯಲ್ಲಿ ಈ ವಿಷಯ ಚರ್ಚೆಯಾಗಿ ಠರಾವಾಗಿದೆ (ನಕಲು ಲಗತ್ತಿಸಿದೆ). ನಾವು ಕಂಡ ಸ್ಥಿತಿಯ ವಿವರ ಜೊತೆಗಿದೆ. 1) ಸೋರುವ ವಾಲ್ವ್ ದುರಸ್ತಿ ಮಾಡಿಸಬೇಕು. 2) ತಾಂಡಾಕ್ಕೆ ಬೇರೆ ಲೈನ್ ಹಾಕಲು ಅಂದಾಜು ಪಟ್ಟಿ ತಯಾರಿಸಲು ಎಂಜಿನಿಯರಿಗೆ ಬರೆಯಬೇಕು. 3) ಅಲ್ಲಿಯವರೆಗೆ ನೀರು ಬಿಡುವ ಸಮಯ ಹಂಚಿ ಫಲಕದಲ್ಲಿ ಹಾಕಬೇಕು. ಪೈಪ್ ಹಾಯುವ ಜಾಗದ ರೈತರ ಒಪ್ಪಿಗೆ ಪಡೆಯುವ ಜವಾಬ್ದಾರಿ ನಮ್ಮದು.

ಆ ಕೊನೇ ಸಾಲನ್ನು ಬಿಡಬೇಡಿ. ಕೇಳುವ ಪತ್ರದಲ್ಲಿ ಊರು ತಾನೇನು ಮಾಡುತ್ತೇನೆ ಅಂತಲೂ ಬರೆದಿರಬೇಕು. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ.

6. ತಾಲೂಕು, ಜಿಲ್ಲೆಗೆ ಹೋಗುವಾಗ

ಪಿಡಿಒಗೆ ಹೇಳದೆ ಇಒ ಹತ್ತಿರ ಹೋಗಬೇಡಿ. "ಇದು ನಿಮ್ಮ ಹಂತ ಮೀರಿದ್ದು ಅಂದ್ರಿ, ಅದಕ್ಕೇ ಮೇಲೆ ಹೊರಟೀವಿ" ಅಂತ ತಿಳಿಸಿ ಹೋಗಿ. ಆಗ ಅವರೂ ನಿಮ್ಮ ಪರವಾಗಿ ಒಂದು ಮಾತು ಹೇಳುತ್ತಾರೆ. ಬೆನ್ನ ಹಿಂದೆ ಹೋದರೆ ಅದೇ ಅರ್ಜಿ "ವರದಿ ನೀಡಿ" ಅಂತ ಅವರ ಟೇಬಲ್ಲಿಗೇ ವಾಪಸ್ ಬರುತ್ತದೆ, ಅಲ್ವಾ?

ತಾಲೂಕು ಮತ್ತು ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ಊರಿಗೂ ತಾಲೂಕಿಗೂ ನಡುವೆ ನಿಂತು ಮಾತಾಡುವ ಜನಪ್ರತಿನಿಧಿ ಇಲ್ಲದಿದ್ದರೆ ಎಲ್ಲದಕ್ಕೂ ಶಾಸಕರ ಮನೆ ಅನ್ನುವಂತಾಗುತ್ತದೆ. ಶಾಸಕರ ಹತ್ತಿರ ಹೋಗುವುದು ತಪ್ಪಲ್ಲ, ಹೋಗಲೇಬೇಕು. ಆದರೆ ಒಂದು ಪಕ್ಷದ ಗುಂಪಾಗಿ ಹೋಗಬೇಡಿ. ಎರಡೂ ಕಡೆಯವರನ್ನು ಕರೆದುಕೊಂಡು, ಠರಾವಿನ ನಕಲು ಹಿಡಿದು ಹೋಗಿ. ಚುನಾವಣೆ ಬಂದು ಹೋದರೂ ಆ ಠರಾವಿಗೆ ಬಣ್ಣ ಹತ್ತುವುದಿಲ್ಲ.

ಮೇಲಿನ ಅಧಿಕಾರಿಗೆ ಮನಸ್ಸಿದ್ದರೆ ಏನಾಗುತ್ತದೆ ಅಂತ ಬೀದರ್ ತೋರಿಸಿದೆ. 2016ರ ಬರದ ಬೇಸಿಗೆಯಲ್ಲಿ ಅಲ್ಲಿ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಹಳೆಯ ಕೆರೆ, ತೆರೆದ ಬಾವಿಗಳ ಹೂಳೆತ್ತಿಸುವ ಕೆಲಸಕ್ಕೆ ಕೈ ಹಾಕಿದರು. ಬೀದರ್‌ನವರು ಇವತ್ತಿಗೂ ಅವರ ಹೆಸರು ಹೇಳುತ್ತಾರೆ. ಅಂಥ ಅಧಿಕಾರಿ ಬಂದಾಗ ನಿಮ್ಮ ಊರಿನ ಹಾಳೆ, ಠರಾವು, ಒಪ್ಪಿಗೆ ಪತ್ರ ಸಿದ್ಧ ಇರಬೇಕು. ಅವರು ಇರುವುದು ಒಂದೆರಡು ವರ್ಷ ಅಷ್ಟೇ.

7. ಕಂಪನಿಗಳ ಜೊತೆ ಮಾತು

ಸೇಡಂ, ಚಿತ್ತಾಪುರ, ವಾಡಿ ಕಡೆ ಸುಣ್ಣದ ಕಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳು ಇವೆ. ದೂಳು, ಲಾರಿ, ಬ್ಲಾಸ್ಟಿಂಗ್ ಸದ್ದು ಊರಿನ ಪಾಲು. ಹಾಗಾಗಿ ಇಲ್ಲಿ ಊರಿನ ಎದುರು ಸರ್ಕಾರದ ಜೊತೆ ಕಂಪನಿಯೂ ಕೂತಿದೆ.

ಹಣದ ದಾರಿ ಎರಡು, ಅವನ್ನು ಕಲಸಬೇಡಿ. ಒಂದು, ಕಂಪನಿಯ ಸಾಮಾಜಿಕ ಹೊಣೆಯ ಹಣ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಅದರಲ್ಲಿದೆ. ಎಲ್ಲಿ ಖರ್ಚು ಮಾಡಬೇಕು ಅನ್ನುವ ತೀರ್ಮಾನ ಮಾತ್ರ ಕಂಪನಿಯದು. ಇನ್ನೊಂದು, ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದಾಗ ಇದು ಹುಟ್ಟಿತು. ಗಣಿ ಗುತ್ತಿಗೆದಾರರು ರಾಜಧನದ ಜೊತೆ ಇದಕ್ಕೂ ಕಟ್ಟುತ್ತಾರೆ. ಗಣಿಯಿಂದ ತೊಂದರೆಗೊಳಗಾದ ಊರುಗಳಿಗೆ, ಅದರಲ್ಲೂ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಮೊದಲು ಖರ್ಚಾಗಬೇಕು. ಇದು ಜಿಲ್ಲೆಯ ಹಣ, ಕಂಪನಿಯ ದಾನವಲ್ಲ. ಇದನ್ನು ಜಿಲ್ಲಾಡಳಿತದ ಹತ್ತಿರ ಕೇಳಬೇಕು.

ಕಂಪನಿಯವರ ಜೊತೆ ಒಬ್ಬರೇ ಹೋಗಿ ಮಾತಾಡಬೇಡಿ. ಒಬ್ಬನ ಟ್ರ್ಯಾಕ್ಟರ್ ಬಾಡಿಗೆಗೆ ಸಿಕ್ಕಿತು, ಇನ್ನೊಬ್ಬನ ಮಗನಿಗೆ ಗೇಟಿನಲ್ಲಿ ಕೆಲಸ ಸಿಕ್ಕಿತು ಅಂದರೆ ಊರು ಅಲ್ಲಿಗೇ ಒಡೆಯಿತು. ಹಬ್ಬಕ್ಕೆ ಚಂದಾ ಪಟ್ಟಿ, ಜಾತ್ರೆಗೆ ಪೆಂಡಾಲು ಕೇಳುವ ಚಾಳಿಯನ್ನೂ ಬಿಡಿ. ಅದು ಒಂದು ದಿನದ್ದು, ಆಮೇಲೆ ವರ್ಷವಿಡೀ ಬಾಯಿ ಮುಚ್ಚಿಸುತ್ತದೆ. ಪಂಚಾಯಿತಿ, ಊರಿನ ಸಮಿತಿ, ಕಂಪನಿ ಮೂವರೂ ಸಹಿ ಮಾಡಿದ ಕಾಗದ ಇರಲಿ. ಶುದ್ಧ ನೀರಿನ ಘಟಕ ಕೊಟ್ಟರೆ ಅದರ ಫಿಲ್ಟರ್ ಯಾರು ಬದಲಿಸುತ್ತಾರೆ, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಕೆಟ್ಟರೆ ಎಷ್ಟು ದಿನದಲ್ಲಿ ಯಾರು ಬರುತ್ತಾರೆ ಅಂತ ಅದರಲ್ಲಿ ಬರೆದಿರಬೇಕು. ಕೆಟ್ಟು ನಿಂತ ಘಟಕಗಳನ್ನು ಕಂಡು ಹೊಟ್ಟೆ ಉರಿಯುತ್ತದೆ. ಉದ್ಘಾಟನೆಯ ಕಲ್ಲು ಹೊಳೆಯುತ್ತಿರುತ್ತದೆ, ಒಳಗೆ ಜೇಡ ಬಲೆ ಕಟ್ಟಿರುತ್ತದೆ.

8. ಕೊಟ್ಟ ಮಾತಿನ ಪುಸ್ತಕ ಇಡಿ

ಒಂದು ಉದ್ದದ ರಿಜಿಸ್ಟರ್ ತನ್ನಿ. ಯಾರು, ಯಾವ ದಿನ, ಏನು ಮಾಡುತ್ತೇನೆ ಅಂದರು, ಯಾವಾಗ ಆಯಿತು. ನಾಲ್ಕೇ ಕಾಲಂ ಸಾಕು. ಊರಿನವರು ಕೊಟ್ಟ ಮಾತೂ ಅದರಲ್ಲೇ ಬರಲಿ. ರೈತರ ಒಪ್ಪಿಗೆ ತರುತ್ತೇವೆ ಅಂದವರು ತಂದರಾ? ನೀರಿನ ಕರ ಕಟ್ಟುತ್ತೇವೆ ಅಂದವರು ಕಟ್ಟಿದರಾ? ಪುಸ್ತಕ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿಯ ಗ್ರಂಥಾಲಯದಲ್ಲಿ, ಇರಲಿ, ಯಾರು ಬೇಕಾದರೂ ತೆಗೆದು ನೋಡಬಹುದು.

ಕೆಲಸ ಆದಾಗ ಹೋಗಿ ಹೇಳಿ. ಎಂಜಿನಿಯರು ಬಂದು ಲೈನ್ ನೋಡಿ ಹೋದರೆ ಸಂಜೆ ಒಂದು ಮೆಸೇಜು ಹಾಕಿ: "ಸರ್, ನೀರು ಕಡೇ ಮನೆಗೆ ಮುಟ್ಟಿತು." ಕಚೇರಿಗೆ ಬರುವ ಫೋನೆಲ್ಲ ದೂರಿನದ್ದೇ. ಅದರ ನಡುವೆ ಇಂಥದ್ದೊಂದು ಬಂದರೆ ಮುಂದಿನ ಸಲ ನಿಮ್ಮ ಕರೆ ಎತ್ತುತ್ತಾರೆ.

ವಾಟ್ಸಪ್ ಗ್ರೂಪ್ ಮಾಡಿದರೆ ಎರಡು ನಿಯಮ ಸಾಕು. ನೀರಿನ ವಿಷಯ ಬಿಟ್ಟು ಬೇರೇನೂ ಹಾಕಬಾರದು. ಯಾರನ್ನೂ ಹೆಸರು ಹಿಡಿದು ಬೈಯಬಾರದು. ಗುಡ್ ಮಾರ್ನಿಂಗ್ ಫೋಟೋ ಶುರುವಾದ ವಾರವೇ ಎಂಜಿನಿಯರು ಗ್ರೂಪ್ ನೋಡುವುದು ಬಿಡುತ್ತಾರೆ. ಫೋನ್ ಇಲ್ಲದ ಮನೆಗಳಿಗಾಗಿ ಪಂಚಾಯಿತಿ ಗೋಡೆ ಮೇಲೆ ಚಾಕ್‌ನಲ್ಲಿ ಬರೆಸಿ.

9. ಮಾತು ನಡೆಯದಿದ್ದಾಗ

ಇಷ್ಟೆಲ್ಲ ಮಾಡಿದರೂ ಕೆಲವರು ಅಲುಗಾಡುವುದಿಲ್ಲ. ಆಗ ಕಾನೂನು ಇದೆ, ಅಂಜದೆ ಬಳಸಿ.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. "ಎಲ್ಲ ದಾಖಲೆ ಕೊಡಿ" ಅಂತ ಬರೆದರೆ ಕೈಗೆ ಏನೂ ಬರುವುದಿಲ್ಲ. ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ನಕಲು, ಬಿಲ್ಲು, ಅಂತ ಬಿಡಿಸಿ ಕೇಳಿ. ಅರ್ಜಿ ಹಾಕುವ ಮುಂಚೆ ಒಮ್ಮೆ ಬಾಯಿಮಾತಲ್ಲಿ ಕೇಳಿ ನೋಡಿ. ಹೆದರಿಸಿ ದುಡ್ಡು ಕೀಳಲು ಅರ್ಜಿ ಹಾಕುವವರು ನಿಮ್ಮ ಗುಂಪಿಗೆ ಹತ್ತಿರ ಬಂದರೆ ದೂರ ಇಡಿ. ಅಂಥ ಒಬ್ಬನಿಂದ ಇಡೀ ಊರಿನ ಹೆಸರು ಕೆಡುತ್ತದೆ.

ಪ್ರಮಾಣಪತ್ರದಂಥ ಸೇವೆಗಳು ತಡವಾದರೆ 2011ರ ಸಕಾಲ ಕಾಯ್ದೆ ಇದೆ, ಅರ್ಜಿಯ ಜೊತೆ ಬರುವ ಸಕಾಲ ಸಂಖ್ಯೆಯನ್ನು ಎಸೆಯಬೇಡಿ. ದೂರಿಗೆ 1902 ಸಹಾಯವಾಣಿ. ಲಂಚ ಕೇಳಿದರೆ ಲೋಕಾಯುಕ್ತ. ಇದರಲ್ಲಿ ಮಾತುಕತೆಯ ಪ್ರಶ್ನೆಯೇ ಇಲ್ಲ.

ಧರಣಿಯೂ ಒಂದು ದಾರಿಯೇ. ಆದರೆ ಎರಡು ಸಲ ಪತ್ರ ಕೊಟ್ಟ ಸ್ವೀಕೃತಿ ಕೈಯಲ್ಲಿ ಇಟ್ಟುಕೊಂಡು ಕೂತರೆ ಧರಣಿಗೆ ತೂಕ ಬರುತ್ತದೆ.

10. ಅಧಿಕಾರಿಗಳಿಗೆ ಎರಡು ಮಾತು

ಊರಿಗೆ ಬರುವಾಗ ಅಧ್ಯಕ್ಷರ ಮನೆಯಲ್ಲಿ ಚಹಾ ಕುಡಿದು ಹೋಗಬೇಡಿ, ತಾಂಡಾವರೆಗೆ ನಡೆಯಿರಿ. ಆಗುವುದಿಲ್ಲ ಅನ್ನುವುದನ್ನು ಆಗುವುದಿಲ್ಲ ಅಂತಲೇ ಹೇಳಿ, ಯಾಕೆ ಅಂತಲೂ ಹೇಳಿ. "ನೋಡೋಣ" ಅಂದರೆ ಜನ ಆರು ತಿಂಗಳು ಕಾಯುತ್ತಾರೆ, ಆಮೇಲೆ ಯಾರ ಮಾತನ್ನೂ ನಂಬುವುದಿಲ್ಲ. ಸಭೆಯಲ್ಲಿ ಮೊದಲು ಮೈಕ್ ಹಿಡಿಯಬೇಡಿ, ಕೊನೆಗೆ ಹಿಡಿಯಿರಿ. ಅಂದಾಜು ಪಟ್ಟಿಯನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ಗೋಡೆಗೆ ಹಚ್ಚಿದರೆ ಅರ್ಧ ಅನುಮಾನ ಅಲ್ಲೇ ಹೋಗುತ್ತದೆ.

11. ವರ್ಗಾವಣೆ ಬಂದಾಗ

ಪಿಡಿಒ ಬದಲಾದರೆ ಎಲ್ಲ ಮೊದಲಿನಿಂದ ಶುರು ಅನ್ನುವುದು ಹಳ್ಳಿಗಳ ದೊಡ್ಡ ಗೋಳು. ಪಂಚಾಯಿತಿ ಸದಸ್ಯರ ಅವಧಿ ಮುಗಿದಾಗಲೂ ಅಷ್ಟೇ. ಸಂಬಂಧ ಒಬ್ಬ ಮನುಷ್ಯನ ಜೊತೆ ಮಾತ್ರ ಇದ್ದರೆ ಅವನ ಜೊತೆಗೇ ಬಸ್ ಹತ್ತಿ ಹೋಗುತ್ತದೆ. ಅದಕ್ಕೇ ಊರಿನ ಹತ್ತಿರ ತನ್ನದೇ ಒಂದು ಕಡತ ಇರಬೇಕು. ಸಮಿತಿಯಲ್ಲೂ ಪ್ರತಿ ವರ್ಷ ಒಂದಿಬ್ಬರು ಹೊಸಬರನ್ನು ಸೇರಿಸಿ. ಒಬ್ಬನೇ ಮುಖಂಡ ಹತ್ತು ವರ್ಷ ಎಲ್ಲ ಕಚೇರಿ ಸುತ್ತಿದರೆ ಕೊನೆಗೆ ಅವನ ನಂಬರ್ ಮಾತ್ರ ಎಲ್ಲರಿಗೂ ಗೊತ್ತಿರುತ್ತದೆ, ಊರಿನ ಸಮಸ್ಯೆ ಯಾರಿಗೂ ಗೊತ್ತಿರುವುದಿಲ್ಲ.

ಹಳೆಯ ಪಿಡಿಒ ಹೋಗುವ ಮುಂಚೆ ಬಾಕಿ ಕೆಲಸಗಳ ಪಟ್ಟಿಗೆ ಅವರ ಸಹಿ ಹಾಕಿಸಿಕೊಳ್ಳಿ. ಹೊಸಬರು ಬಂದ ಮೊದಲ ವಾರ ಏನೂ ಕೇಳಬೇಡಿ. ಎರಡನೇ ವಾರ ಹೋಗಿ, ವಾಟರ್‌ಮನ್ ಜೊತೆ ಒಂದು ಬೆಳಿಗ್ಗೆ ನಡೆಯಲು ಕರೆಯಿರಿ. ಕಡತದಲ್ಲಿ ಇವಿಷ್ಟು ಇರಲಿ: ಒಂದು ಹಾಳೆಯ ಸ್ಥಿತಿ ವಿವರ, ಠರಾವುಗಳ ನಕಲು, ಸ್ವೀಕೃತಿ ಇರುವ ಪತ್ರಗಳು, ರೈತರ ಒಪ್ಪಿಗೆ ಪತ್ರ, ಕಂಪನಿ ಜೊತೆಗಿನ ಕಾಗದ, ಮಾತಿನ ಪುಸ್ತಕದ ಕೊನೆಯ ಎರಡು ಪುಟ, ಪೈಪು ಮತ್ತು ವಾಲ್ವ್ ಎಲ್ಲೆಲ್ಲಿವೆ ಅಂತ ಕೈಯಲ್ಲಿ ಬರೆದ ನಕ್ಷೆ. ಒಂದು ಪ್ರತಿ ಹೊಸ ಪಿಡಿಒಗೆ ಕೊಡಿ, ಇನ್ನೊಂದು ಅರಿವು ಕೇಂದ್ರದಲ್ಲಿ ಇಡಿ.